ಬಲ್ಬ್ ಹತ್ತಿತ್ತು, ಜನರೇಟರ್ ಕೆಟ್ಟಿತ್ತು

ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಹೋಗುವ ದಾರಿಯಿಂದ ಒಳಗೆ ಸರಿದ ಒಂದು ಹೊಲದ ಮನೆ. ಲೈನ್ ಎಳೆಸಲು ಕಂಬದ ಖರ್ಚು ಕೇಳಿ ಹೌಹಾರಿದ ಮನೆಯವರು ಸೋಲಾರ್ ಹಾಕಿಸಿಕೊಂಡಿದ್ದರು. 3 ಕಿಲೋವ್ಯಾಟ್ ಪ್ಯಾನಲ್, 150 ಎಎಚ್‌ನ ನಾಲ್ಕು ಟ್ಯೂಬ್ಯುಲರ್ ಬ್ಯಾಟರಿ, 48 ವೋಲ್ಟಿನ ಇನ್ವರ್ಟರ್, ಮಳೆಗಾಲಕ್ಕೆಂದು 3 ಕೆವಿಎ ಪೆಟ್ರೋಲ್ ಜನರೇಟರ್. ಬಿಸಿಲಿದ್ದರೆ ದಿನಕ್ಕೆ ಹನ್ನೆರಡು ಯೂನಿಟ್ ಕೊಡುವ ಪ್ಯಾನಲ್, ಆಶ್ಲೇಷ ಮಳೆ ಹಿಡಿಯಿತೆಂದರೆ ಮೂರಕ್ಕೆ ಇಳಿಯುತ್ತದೆ. ಅಂಥ ಮಳೆಯಲ್ಲೇ ಆ ಮನೆಯ ಗೌಡರ ಫೋನ್ ಬಂತು: "ಮಿಸ್ತ್ರಿ, ಜನರೇಟರ್ ಛಲೋ ಐತ್ರಿ, ಬಲ್ಬ್ ಹತ್ತತೈತಿ. ಇನ್ವರ್ಟರ್ ಕೆಟ್ಟೈತಿ, ಒಳಗ ತಗೊಳವಲ್ದು."

ರಾಣೆಬೆನ್ನೂರಿನಲ್ಲಿ ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಆ ಒಂದು ಮನೆ ಕಲಿಸಿದ್ದನ್ನು, ಮೊದಲು ಗೊತ್ತಿದ್ದೂ ಮರೆತಿದ್ದನ್ನು ಇಲ್ಲಿ ಬರೆದಿದ್ದೇನೆ.

1. ಬಲ್ಬ್ ಸಾಕ್ಷಿಯಲ್ಲ.

ಹಳೆಯ ತಂತಿ ಬಲ್ಬಿಗೆ ಒಂದು ಪ್ರಾಮಾಣಿಕತೆ ಇತ್ತು. ವೋಲ್ಟೇಜ್ ಇಳಿದರೆ ಮಂಕಾಗುತ್ತಿತ್ತು, ಏರಿದರೆ ಉರಿದು ಹೋಗುತ್ತಿತ್ತು. ಈಗಿನ ಎಲ್‌ಇಡಿ ಬಲ್ಬುಗಳಲ್ಲಿ ಬಹಳಷ್ಟು 120 ವೋಲ್ಟಿಗೂ ಹತ್ತುತ್ತವೆ, 280ಕ್ಕೂ ಹತ್ತುತ್ತವೆ, ಬೆಳಕು ಒಂದೇ. ಗೌಡರ ಮನೆಯಲ್ಲಿ ಮೀಟರ್ ಹಚ್ಚಿದಾಗ ಕಂಡದ್ದು 287 ವೋಲ್ಟ್. ಇರಬೇಕಾದದ್ದು 230. ಇನ್ವರ್ಟರ್ ಕೆಟ್ಟಿರಲಿಲ್ಲ, ತನ್ನನ್ನೂ ಮನೆಯನ್ನೂ ಕಾಯುತ್ತಾ ಬಾಗಿಲು ಹಾಕಿಕೊಂಡು ಕೂತಿತ್ತು. ಅದೇ ಕರೆಂಟನ್ನು ನೇರವಾಗಿ ಬೋರ್ಡಿಗೆ ಕೊಟ್ಟಿದ್ದರೆ ಫ್ರಿಜ್ಜು, ಟಿವಿ ಎರಡೂ ಹೋಗುತ್ತಿದ್ದವು.

ಕೆಲವು ಇನ್ವರ್ಟರುಗಳಲ್ಲಿ ಒಳಬರುವ ವೋಲ್ಟೇಜಿನ ಮಿತಿ ಸಡಿಲ ಮಾಡುವ ಸೆಟ್ಟಿಂಗ್ ಇರುತ್ತದೆ. "ಅದನ್ನು ಬದಲಿಸಿದರೆ ತಗೊಳ್ತದೆ" ಎಂದು ಹೇಳಿಕೊಡುವವರೂ ಇದ್ದಾರೆ. ಜನರೇಟರ್ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಅದನ್ನು ಮುಟ್ಟಿ, ಅದಕ್ಕೆ ಮೊದಲು ಬೇಡ.

2. ಸುಟ್ಟದ್ದನ್ನು ಬದಲಿಸುವ ಮೊದಲು, ಸುಟ್ಟದ್ದು ಯಾಕೆ ಎಂದು ಕೇಳಿ.

ಜನರೇಟರಿನ ವೋಲ್ಟೇಜನ್ನು ಹಿಡಿತದಲ್ಲಿಡುವುದು ಎವಿಆರ್ ಎಂಬ ಅಂಗೈಯಗಲದ ಕಪ್ಪು ಪೆಟ್ಟಿಗೆ. ಅದು ಕೆಟ್ಟರೆ ವೋಲ್ಟೇಜ್ ಒಂದೋ ಸತ್ತು ಹೋಗುತ್ತದೆ, ಇಲ್ಲವೇ ಲಂಗುಲಗಾಮಿಲ್ಲದೆ ಏರುತ್ತದೆ. ಇಲ್ಲಿ ಏರಿತ್ತು. "ಹದಿನೈದು ದಿನದ ಹಿಂದ ಹೊಸಾದು ಹಾಕ್ಸೇನ್ರಿ" ಎಂದರು ಗೌಡರು. ಹಿಂದಿನ ಮಿಸ್ತ್ರಿಯ ಕೆಲಸ ಅಚ್ಚುಕಟ್ಟಾಗಿಯೇ ಇತ್ತು, ಸಾಮಾನೂ ಒಳ್ಳೆಯದೇ. ನಾನೂ ಒಂದು ಹೊಸದು ಹಾಕಿ, ದುಡ್ಡು ಇಸಿದುಕೊಂಡು ಬರಬಹುದಿತ್ತು. ಮತ್ತೆ ಹದಿನೈದು ದಿನಕ್ಕೆ ಅದೂ ಹೋಗುತ್ತಿತ್ತು.

ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವಾಗ ಗೋಡೆಯ ಗೂಟಕ್ಕೆ ನೇತುಹಾಕಿದ್ದ ಒಂದು ವೈರ್ ಕಣ್ಣಿಗೆ ಬಿತ್ತು. ಹಳದಿ ವೈರು, ಮೂರು ಮಾರು ಉದ್ದ, ಎರಡೂ ತುದಿಗೆ ಗಂಡು ಪಿನ್. ಗೌಡರ ಮಗ ಮಾಡಿದ್ದು. ಮಳೆಯಲ್ಲಿ ಇನ್ವರ್ಟರ್ ಚಾರ್ಜ್ ಮುಗಿದು ಕೂಗತೊಡಗಿದಾಗ, ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಗೋಡೆಯ ಸಾಕೆಟ್ಟಿಗೆ. ಮನೆಯೆಲ್ಲ ಬೆಳಕು. ಹುಡುಗನ ಲೆಕ್ಕ ತಪ್ಪಿದ್ದು ಒಂದೇ ಕಡೆ: ಇನ್ವರ್ಟರನ್ನು ಆಫ್ ಮಾಡಿರಲಿಲ್ಲ. ಒಂದೇ ತಂತಿಯ ಮೇಲೆ ಎರಡು ಕಡೆಯ ಕರೆಂಟು ಎದುರುಬದುರು ನಿಂತವು. ಇನ್ವರ್ಟರ್ ಟ್ರಿಪ್ ಆಗಿ ಬಚಾವಾಯಿತು. ಎವಿಆರ್‌ಗೆ ಆ ಅನುಕೂಲ ಇರಲಿಲ್ಲ.

"ಕಾಕಾ, ಎರಡು ಸಲಾನ ಮಾಡೀನಿ" ಎಂದ. ಎವಿಆರ್ ಸುಟ್ಟದ್ದೂ ಎರಡು ಸಲ. ಅಷ್ಟೇ ಅಲ್ಲ, ಜನರೇಟರ್ ಓಡುತ್ತಿರುವಾಗ ಸಾಕೆಟ್ಟಿನಿಂದ ಆ ಪಿನ್ ಕಳಚಿದರೆ ಕೈಯಲ್ಲಿರುವುದು 230 ವೋಲ್ಟಿನ ಎರಡು ಬತ್ತಲೆ ಹಿತ್ತಾಳೆ ಕಡ್ಡಿ. ಆ ಮನೆಯಲ್ಲಿ ಅಂಬೆಗಾಲಿಡುವ ಕೂಸೊಂದಿತ್ತು. ಕಟಿಂಗ್ ಪ್ಲೇಯರ್ ತೆಗೆದು ವೈರನ್ನು ನಡುವೆ ಕತ್ತರಿಸಿದೆ. ಆಮೇಲೆ ಜನರೇಟರಿನ ತಂತಿಯನ್ನು ಬ್ರೇಕರ್ ಮೂಲಕ ಇನ್ವರ್ಟರಿನ ಎಸಿ ಇನ್‌ಪುಟ್ಟಿಗೆ ಕಾಯಂ ಕೂಡಿಸಿದೆ. ಇನ್ವರ್ಟರೇ ಕೆಟ್ಟ ದಿನ ಮನೆಗೆ ನೇರ ಕೊಡಲು ಚೇಂಜ್‌ಓವರ್ ಸ್ವಿಚ್ ಹಾಕಿದೆ: ಆಚೆ ಇದ್ದರೆ ಈಚೆ ಇಲ್ಲ, ಈಚೆ ಇದ್ದರೆ ಆಚೆ ಇಲ್ಲ.

3. ಲೋಡ್ ಹಾಕದೆ ಸರಿಯಾಯಿತು ಅನ್ನಬೇಡಿ.

ಹೊಸ ಎವಿಆರ್ ಹಾಕಿದ ಮೇಲೆ ಖಾಲಿ ಓಟದಲ್ಲಿ 232 ವೋಲ್ಟ್, 52 ಹರ್ಟ್ಸ್. ಚಂದ. ನೀರು ಕಾಯಿಸುವ 1 ಕಿಲೋವ್ಯಾಟಿನ ಕಾಯಿಲ್ ಬಕೆಟ್ಟಿನಲ್ಲಿ ಮುಳುಗಿಸಿ ಹಚ್ಚಿದೆ: 221 ವೋಲ್ಟ್, 49 ಹರ್ಟ್ಸ್. ಎರಡನೆಯ ಬಕೆಟ್, ಎರಡನೆಯ ಕಾಯಿಲ್: 190 ವೋಲ್ಟ್, 44 ಹರ್ಟ್ಸ್, ಎಂಜಿನ್ ಏದುಸಿರು ಬಿಡತೊಡಗಿತು. ಈ ಸಣ್ಣ ಜನರೇಟರುಗಳು 50 ಹರ್ಟ್ಸ್ ಕೊಡಬೇಕಾದರೆ ನಿಮಿಷಕ್ಕೆ 3000 ಸುತ್ತು ತಿರುಗಬೇಕು. ಹರ್ಟ್ಸ್ ಬಿತ್ತೆಂದರೆ ಎಂಜಿನ್ನಿನ ಉಸಿರು ಬಿತ್ತು ಎಂದೇ ಅರ್ಥ, ಅಲ್ಲಿ ವೈಂಡಿಂಗ್ ಬಿಚ್ಚುವ ಕೆಲಸವಿಲ್ಲ.

4. ಬ್ಯಾಡಗಿಯಲ್ಲಿ ಮೊದಲು ಫಿಲ್ಟರ್ ನೋಡಿ.

ಏರ್ ಫಿಲ್ಟರಿನ ಸ್ಪಂಜು ತೆಗೆದರೆ ಇಟ್ಟಿಗೆ ಬಣ್ಣ. ಜನರೇಟರ್ ಇಟ್ಟಿದ್ದ ಛಪ್ಪರದಲ್ಲೇ ಮೆಣಸಿನಕಾಯಿ ಚೀಲ ಒಟ್ಟುತ್ತಿದ್ದರಂತೆ. ನಮ್ಮ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದು ಬಣ್ಣಕ್ಕೆ ಹೆಸರಾದ, ಖಾರ ಕಡಿಮೆಯಾದ ಕಾಯಿ ಎಂದು. ಆಲ್ಟರ್ನೇಟರಿನ ಕಿಂಡಿಗೆ ಬ್ಲೋವರ್ ಹಿಡಿದ ಆ ಮಧ್ಯಾಹ್ನ ಈ ಖಾರ ಕಡಿಮೆ ಅನ್ನುವ ಮಾತಿನ ಬಗ್ಗೆ ನನಗೆ ಅನುಮಾನ ಬಂತು. ಗೌಡರು, ಮಗ, ನಾನು, ಕಟ್ಟಿದ ಎತ್ತು, ಎಲ್ಲರೂ ಸೀನಿದೆವು. ಸ್ಪಂಜು ತೊಳೆದು, ಒಣಗಿಸಿ, ಎರಡು ಹನಿ ಎಣ್ಣೆ ಹಿಂಡಿ ಹಾಕಿದ ಮೇಲೆ ಎರಡು ಕಾಯಿಲ್ಲಿಗೂ 214 ವೋಲ್ಟ್, 49 ಹರ್ಟ್ಸ್ ನಿಂತಿತು.

5. ಚಾರ್ಜಿಂಗ್ ಕರೆಂಟ್ ಇಳಿಸಿ.

ಇನ್ವರ್ಟರಿನಲ್ಲಿ 60 ಆಂಪಿಯರ್ ಎಂದು ಇತ್ತು. 54 ವೋಲ್ಟಿಗೆ ಗುಣಿಸಿದರೆ 3200 ವ್ಯಾಟ್ ದಾಟುತ್ತದೆ. ಬಡ ಜನರೇಟರಿನ ಜೀವ ಹಿಂಡಲು ಅಷ್ಟು ಸಾಕು, ಬ್ಯಾಟರಿಗೂ ಒಳ್ಳೆಯದಲ್ಲ. 150 ಎಎಚ್ ಬ್ಯಾಟರಿಗೆ ಹತ್ತನೇ ಒಂದು ಪಾಲು, ಅಂದರೆ 15 ಆಂಪಿಯರ್ ಹದ. 15ಕ್ಕೆ ಇಳಿಸಿದೆ.

6. ಕೆಲಸವಿಲ್ಲದ ಎಂಟು ತಿಂಗಳೇ ಜನರೇಟರಿಗೆ ಕಂಟಕ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತರೆ ಕಾರ್ಬೊರೇಟರಿನ ಜೆಟ್ಟಿನಲ್ಲಿ ಅಂಟು ಕಟ್ಟುತ್ತದೆ. ಗೋವಿನಜೋಳದಿಂದಲೂ ಎಥೆನಾಲ್ ಮಾಡುತ್ತಾರೆ. ನಮ್ಮ ಹೊಲದ್ದೇ ಬಂದು ನಮ್ಮ ಜೆಟ್ ಹಿಡಿಸುತ್ತಿದೆಯೋ ಏನೋ! ಮಳೆಗಾಲ ಮುಗಿದ ಮೇಲೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಬಿಡಿ.

ಬಹಳ ದಿನ ನಿಂತ ಆಲ್ಟರ್ನೇಟರ್ ತನ್ನ ಉಳಿಕೆ ಅಯಸ್ಕಾಂತವನ್ನೂ ಕಳೆದುಕೊಳ್ಳುವುದುಂಟು. ಎಂಜಿನ್ ಓಡುತ್ತದೆ, ಮೀಟರಿನಲ್ಲಿ ಎರಡು ಮೂರು ವೋಲ್ಟ್ ಮಾತ್ರ. ಇದನ್ನು ವೈಂಡಿಂಗ್ ಸುಟ್ಟಿದೆ ಎಂದು ರಿವೈಂಡಿಂಗ್‌ಗೆ ಹೊತ್ತು ತಂದವರನ್ನು ಕಂಡಿದ್ದೇನೆ. ಎವಿಆರ್ ವೈರ್ ಬಿಡಿಸಿ, ಬ್ರಷ್‌ಗಳಿಗೆ 12 ವೋಲ್ಟಿನ ಬ್ಯಾಟರಿಯಿಂದ ಒಂದೆರಡು ಸೆಕೆಂಡ್ ಕರೆಂಟ್ ತೋರಿಸಿದರೆ ಸಾಕು. ಪ್ಲಸ್ ಪ್ಲಸ್ಸಿಗೇ ಹೋಗಬೇಕು. ಕೈ ಪಳಗದವರು ಇದಕ್ಕೆ ಹೋಗದಿರುವುದು ಲೇಸು.

7. ಎರೆ ಭೂಮಿಯ ಅರ್ಥಿಂಗ್ ಬೇಸಿಗೆಯಲ್ಲಿ ಕೈಬಿಡುತ್ತದೆ.

ಎರೆ ಒಣಗಿ ಬಿರುಕು ಬಿಟ್ಟಾಗ ರಾಡಿನ ಸುತ್ತ ಬೆರಳು ತೂರುವಷ್ಟು ಸಂದಿ. ವಾರಕ್ಕೊಂದು ಕೊಡ ನೀರು ಹಾಕಿ.

8. ಮಳೆ ಬಂತೆಂದು ಜನರೇಟರನ್ನು ಪಡಸಾಲೆಗೆ ತರಬೇಡಿ.

ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಹೊರಗೆ, ಬಾಗಿಲು ಕಿಟಕಿಯಿಂದ ದೂರ, ಮೇಲೊಂದು ತಗಡು.

9. ಗೋಡೆಯ ಮೇಲೆ ಬರೆದಿಡಿ.

ಗೌಡರ ಮಗನಿಗೆ ಒಂದು ಮೀಟರ್ ಕೊಡಿಸಿದೆ. ತಿಂಗಳಿಗೊಮ್ಮೆ, ಗುರುವಾರದ ಮೆಣಸಿನಕಾಯಿ ಪೇಟೆ ಮುಗಿಸಿ ಬಂದ ಮೇಲೆ, ಲೋಡ್ ಹಾಕಿ ಹದಿನೈದು ನಿಮಿಷ ಓಡಿಸುವುದು, ವೋಲ್ಟ್, ಹರ್ಟ್ಸ್ ಎರಡನ್ನೂ ಛಪ್ಪರದ ಗೋಡೆಗೆ ಇದ್ದಿಲಿನಲ್ಲಿ ಬರೆಯುವುದು. ಮರುವರ್ಷದ ಆಶ್ಲೇಷದಲ್ಲಿ ಮತ್ತೆ ಫೋನ್.

"ಕಾಕಾ, 229 ವೋಲ್ಟ್, 51 ಹರ್ಟ್ಸ್. ಎಲ್ಲಾ ಬರೋಬ್ಬರಿ ಐತಿ. ಆದ್ರೂ ಇನ್ವರ್ಟರ್ ತಗೊಳವಲ್ದು."

"ಬ್ರೇಕರ್ ನೋಡಿದೇನು?"

ಆ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದಷ್ಟೇ ಕೇಳಿತು.

"ಕೆಳಗ ಬಿದ್ದಿತ್ರಿ" ಎಂದ.