ಹಣ್ಣು ಮಾಗಿಸುವ ಅನಿಲ: ಎಥಿಲೀನ್ ಕುರಿತು ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಮಾವಿನ ಕಾಲದಲ್ಲಿ ಗ್ರಾಮ ಪಂಚಾಯಿತಿಗೆ ಎರಡು ಬಗೆಯ ದೂರುಗಳು ಬರುವುದುಂಟು. ಸಂತೆಯಲ್ಲಿ ಪುಡಿ ಹಾಕಿ ಮಾಗಿಸಿದ ಹಣ್ಣು ಮಾರುತ್ತಿದ್ದಾರೆ ಎಂಬುದು ಒಂದು. ಮಾಗಿಸುವ ಕೊಠಡಿಯಲ್ಲಿ ‘ಗ್ಯಾಸ್’ ಬಿಡುತ್ತಾರೆ, ಅದಕ್ಕೆ ಅನುಮತಿ ನೀಡಕೂಡದು ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಎರಡೂ ಒಂದೇ ಎನಿಸಿದರೂ ಮೊದಲನೆಯದು ನಿಷೇಧಿತ ಕೃತ್ಯ, ಎರಡನೆಯದು ಕಾನೂನು ಒಪ್ಪಿದ ವಿಧಾನ. ಈ ವ್ಯತ್ಯಾಸವನ್ನು ಅರಿಯಲು ಸಸ್ಯದೊಳಗೆ ನಡೆಯುವುದೇನೆಂದು ತಿಳಿಯಬೇಕು.

ಸಸ್ಯಕ್ಕೆ ನರಮಂಡಲವಿಲ್ಲ. ಅದರ ಅಂಗಾಂಗಗಳ ನಡುವೆ ಸುದ್ದಿ ಸಾಗಿಸುವ ವಸ್ತುಗಳಲ್ಲಿ ಕೆಲವು ಅನಿಲಗಳೂ ಇವೆ. ನೈಟ್ರಿಕ್ ಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಎಲೆಯ ಪತ್ರರಂಧ್ರಗಳನ್ನು ಮುಚ್ಚಿಸುವ ಕಾರ್ಯದಲ್ಲಿ ಭಾಗಿಯಾಗುತ್ತವೆ. ಇವೆಲ್ಲವುಗಳಲ್ಲಿ ಹೆಚ್ಚು ಪರಿಚಿತವಾದುದು ಎಥಿಲೀನ್. ಎರಡು ಇಂಗಾಲ, ನಾಲ್ಕು ಜಲಜನಕ ಪರಮಾಣುಗಳ ಸರಳ ಅಣು ಅದು. 1901ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಡಿಮಿಟ್ರಿ ನೆಲ್ಯುಬೋವ್ ಎಂಬ ವಿಜ್ಞಾನಿ, ಪ್ರಯೋಗಾಲಯದ ಬಟಾಣಿ ಸಸಿಗಳು ನೆಟ್ಟಗೆ ಬೆಳೆಯದೆ ಅಡ್ಡಡ್ಡವಾಗಿ ಬೆಳೆಯುವುದಕ್ಕೆ ದೀಪದ ಅನಿಲದಲ್ಲಿದ್ದ ಎಥಿಲೀನ್ ಕಾರಣವೆಂದು ತೋರಿಸಿದನು. ಸಸ್ಯವು ತಾನೇ ಈ ಅನಿಲವನ್ನು ಉತ್ಪಾದಿಸುತ್ತದೆ ಎಂಬುದನ್ನು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ಸೇಬಿನ ಹಣ್ಣುಗಳಿಂದ ಸಾಬೀತುಪಡಿಸಿದನು.

ಜೀವಕೋಶದಲ್ಲಿ ಈ ಅನಿಲವನ್ನು ಗುರುತಿಸುವ ಗ್ರಾಹಕ ಪ್ರೋಟೀನುಗಳಿವೆ. ಎಥಿಲೀನ್ ಇಲ್ಲದಿರುವಾಗ ಅವು ಸದಾ ಚಾಲೂ ಇದ್ದು, ಮಾಗುವ ಕ್ರಿಯೆಯನ್ನು ತಡೆಹಿಡಿಯುತ್ತವೆ. ಎಥಿಲೀನ್ ಬಂದು ಕೂಡಿದಾಗ ಆ ತಡೆ ತೆರವಾಗುತ್ತದೆ. ಅಂದರೆ ಇಲ್ಲಿ ಸ್ವಿಚ್ ಹಾಕುವುದಲ್ಲ, ಆರಿಸುವುದು. ತಡೆ ತೆರವಾದೊಡನೆ ಪಿಷ್ಟವು ಸಕ್ಕರೆಯಾಗುತ್ತದೆ, ತಿರುಳು ಮೆತ್ತಗಾಗುತ್ತದೆ, ಹಸಿರು ಬಣ್ಣ ಮಾಯುತ್ತದೆ. ಮಾಗುವ ಹಣ್ಣು ಇನ್ನಷ್ಟು ಎಥಿಲೀನ್ ಹೊರಸೂಸಿ ಪಕ್ಕದ ಕಾಯಿಯನ್ನೂ ಮಾಗಿಸುತ್ತದೆ. ಹಿರಿಯರು ಹುಲ್ಲಿನಲ್ಲಿ ಮಾವನ್ನು ಅಡೆ ಹಾಕುವಾಗ ನಡುವೆ ಒಂದೆರಡು ಹಣ್ಣು ಇಡುತ್ತಿದ್ದುದರ ಮರ್ಮ ಇದೇ. ಬಾಳೆಗೊನೆಗೆ ಹಾಕುವ ಹೊಗೆಯಲ್ಲಿಯೂ ಎಥಿಲೀನ್ ಇರುತ್ತದೆ. ಮಾವು, ಬಾಳೆ, ಸಪೋಟ, ಪರಂಗಿ, ಟೊಮೆಟೊಗಳಿಗೆ ಈ ಮಾತು ಅನ್ವಯಿಸುತ್ತದೆ. ದ್ರಾಕ್ಷಿ, ದಾಳಿಂಬೆಗಳು ಕೊಯ್ದ ಮೇಲೆ ಹೀಗೆ ಮಾಗುವುದಿಲ್ಲ. ಬಲಿಯದ ಕಾಯಿಗೆ ಯಾವ ಅನಿಲ ಕೊಟ್ಟರೂ ರುಚಿ ಬಾರದು.

ಇನ್ನು ಪುಡಿಯ ವಿಚಾರ. ವೆಲ್ಡಿಂಗ್‌ಗೆ ಬಳಸುವ ಕ್ಯಾಲ್ಸಿಯಂ ಕಾರ್ಬೈಡ್ ತೇವ ತಗುಲಿದಾಗ ಅಸಿಟಿಲೀನ್ ಅನಿಲ ಬಿಡುತ್ತದೆ. ಇದು ಎಥಿಲೀನನ್ನು ಅರೆಬರೆಯಾಗಿ ಅನುಕರಿಸುತ್ತದೆ. ಸಿಪ್ಪೆ ಹಳದಿಯಾದರೂ ತಿರುಳು ಹುಳಿಯಾಗಿಯೇ ಉಳಿಯಬಹುದು. ಅಪಾಯವಿರುವುದು ಅದರ ಕಲ್ಮಶಗಳಾದ ಆರ್ಸೆನಿಕ್ ಮತ್ತು ರಂಜಕಗಳಲ್ಲಿ. ಆದ್ದರಿಂದಲೇ 2011ರ ಆಹಾರ ಸುರಕ್ಷತಾ ವಿನಿಯಮಗಳು ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದನ್ನು ನಿಷೇಧಿಸಿವೆ. ಎಥಿಲೀನ್ ಅನಿಲವನ್ನು ದಶಲಕ್ಷಕ್ಕೆ 100 ಭಾಗದವರೆಗೆ, ಅಂದರೆ 10,000 ಲೀಟರ್ ಗಾಳಿಗೆ 1 ಲೀಟರ್‌ನಂತೆ, ಬಳಸಲು ಅನುಮತಿಯಿದೆ. ಎಥಿಲೀನ್ ಬಿಡುಗಡೆ ಮಾಡುವ ಪುಡಿಯ ಪೊಟ್ಟಣಗಳನ್ನು ಇಡಬಹುದಾದರೂ ಅವು ಹಣ್ಣಿಗೆ ನೇರವಾಗಿ ತಾಗಕೂಡದು. ‘ಪೊಟ್ಟಣವಿದೆ, ಆದ್ದರಿಂದ ವಿಷ’ ಎಂದು ತೀರ್ಮಾನಿಸುವುದು ವ್ಯಾಪಾರಿಗೆ ಅನ್ಯಾಯವಾದೀತು. ಪೊಟ್ಟಣದೊಳಗೆ ಏನಿದೆ ಎಂಬುದೇ ಮುಖ್ಯ ಪ್ರಶ್ನೆ.

ಮಾದರಿ ಪಡೆದು ಪರೀಕ್ಷೆಗೆ ಕಳುಹಿಸುವ ಅಧಿಕಾರ ಆಹಾರ ಸುರಕ್ಷತಾ ಅಧಿಕಾರಿಯದು. ಪಂಚಾಯಿತಿಯು ದೂರನ್ನು ಲಿಖಿತವಾಗಿ ಅವರಿಗೆ ರವಾನಿಸಬೇಕು. ಸಂತೆ ಹರಾಜಿನ ಷರತ್ತುಗಳಲ್ಲಿ ಕಾರ್ಬೈಡ್ ನಿಷೇಧವನ್ನು ಸೇರಿಸುವುದೂ ಉಚಿತ.

ಇದೇ ಅನಿಲ ಹೊಲದಲ್ಲಿಯೂ ಕೆಲಸ ಮಾಡುತ್ತದೆ. ನೀರು ನಿಂತ ಮಣ್ಣಿನಲ್ಲಿ ಬೇರು ಉತ್ಪಾದಿಸಿದ ಎಥಿಲೀನ್ ಹೊರಹೋಗಲಾರದು, ಏಕೆಂದರೆ ಅನಿಲವು ನೀರಿನಲ್ಲಿ ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಮುಸುಕಿನ ಜೋಳದ ಬೇರು ಈ ಸಂಕೇತ ಪಡೆದು ತನ್ನೊಳಗೆ ಗಾಳಿನಾಳಗಳನ್ನು ನಿರ್ಮಿಸಿಕೊಳ್ಳುತ್ತದೆ. ಟೊಮೆಟೊ ಗಿಡದಲ್ಲಾದರೋ ಎಥಿಲೀನಿನ ಪೂರ್ವವಸ್ತು ಬೇರಿನಿಂದ ಮೇಲೇರಿ, ಎಲೆಯಲ್ಲಿ ಅನಿಲವಾಗಿ, ಎಲೆತೊಟ್ಟುಗಳನ್ನು ಕೆಳಕ್ಕೆ ಬಾಗಿಸುತ್ತದೆ. ನೀರಿನಲ್ಲೇ ನಿಂತ ಗಿಡ ಬಾಡಿದಂತೆ ತೋರುವುದನ್ನು ಕಂಡು ಮತ್ತೆ ನೀರು ಹಾಯಿಸುವವರಿದ್ದಾರೆ. ಅಲ್ಲಿ ಬೇಕಿರುವುದು ಬಸಿಗಾಲುವೆ. ಅಂತಹ ತಗ್ಗು ಜಮೀನುಗಳ ಸರ್ವೆ ಸಂಖ್ಯೆಗಳನ್ನು ವಾರ್ಡ್ ಸಭೆಯಲ್ಲಿಯೇ ಗುರುತಿಸಿದರೆ ಮುಂಗಾರಿಗೆ ಮೊದಲು ಕಾಮಗಾರಿ ಮುಗಿಸಲು ಕಾಲಾವಕಾಶ ದೊರೆಯುತ್ತದೆ.