ಎಲ್ಲ ಇದ್ದೂ ಖುಷಿ ಇಲ್ಲವೇಕೆ?

ಪ್ರಶ್ನೆ: ನನಗೆ 47 ವರ್ಷ. ತಾಲ್ಲೂಕು ಕಚೇರಿಯಲ್ಲಿ ಎಫ್‌ಡಿಎ. ಒಳ್ಳೆಯ ಹೆಂಡತಿ, ಓದುವ ಇಬ್ಬರು ಮಕ್ಕಳು. ಹೋದ ವರ್ಷ ಸ್ವಂತ ಮನೆಯ ಗೃಹಪ್ರವೇಶವೂ ಆಯಿತು. ಆದರೂ ಯಾವುದರಲ್ಲೂ ಉತ್ಸಾಹವಿಲ್ಲ. ಕೆಎಎಸ್ ಪಾಸಾಗಲಿಲ್ಲವೆಂಬ ನೋವು ಮತ್ತೆ ಚುಚ್ಚುತ್ತಿದೆ. 75 ದಾಟಿದ ಅಪ್ಪನೇ ನನಗಿಂತ ನೆಮ್ಮದಿಯಾಗಿದ್ದಾರೆ. ಯಾರಿಗಾದರೂ ಹೇಳಿಕೊಂಡರೆ ‘ನಿನಗೇನು ಕಮ್ಮಿ’ ಅನ್ನುತ್ತಾರೆ. ನನ್ನಲ್ಲೇ ಏನಾದರೂ ದೋಷವಿದೆಯೇ?
– ಹೆಸರು ಬೇಡ, ತುಮಕೂರು

ಉತ್ತರ: ‘ನಿನಗೇನು ಕಮ್ಮಿ’ ಎಂದವರು ಸಮಾಧಾನಕ್ಕೇ ಹೇಳಿರಬಹುದು. ಆದರೆ ಆ ಮಾತು ಕೇಳಿದವರ ಬಾಯಿ ಮುಚ್ಚಿಸುತ್ತದೆ. ಬೇಸರದ ಜೊತೆಗೆ ‘ಬೇಸರಪಡಲು ನನಗೆ ಹಕ್ಕಿಲ್ಲ’ ಎಂಬ ಅಳುಕೂ ಸೇರಿಕೊಳ್ಳುತ್ತದೆ. ನಿಮ್ಮಲ್ಲಿ ದೋಷವಿಲ್ಲ, ನೀವು ಕೃತಘ್ನರೂ ಅಲ್ಲ. ಮನೆಮಂದಿಯನ್ನು ಪ್ರೀತಿಸುತ್ತಲೇ ಒಳಗೊಳಗೆ ಸೋತು ಹೋಗಿರುವವರು ಬಹಳ ಮಂದಿ.

ಅರ್ಥಶಾಸ್ತ್ರಜ್ಞ ಡೇವಿಡ್ ಬ್ಲಾಂಚ್‌ಫ್ಲವರ್ ನೂರಕ್ಕೂ ಹೆಚ್ಚು ದೇಶಗಳ ಸಮೀಕ್ಷೆಗಳನ್ನು ಪರಿಶೀಲಿಸಿದ್ದಾರೆ. ಬದುಕಿನ ತೃಪ್ತಿ ಯೌವನದಿಂದ ಇಳಿಯುತ್ತ ಬಂದು, 50ಕ್ಕೆ ಸ್ವಲ್ಪ ಮುಂಚೆ ತಳ ಮುಟ್ಟಿ, ಮತ್ತೆ ಏರುವುದು ಅವರಿಗೆ ಕಂಡಿತು. ಇದು ಸರಾಸರಿಯ ಮಾತು, ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆರೋಗ್ಯ, ಹಣ, ಒಂಟಿತನಗಳಿಂದ ಒಬ್ಬೊಬ್ಬರ ದಾರಿ ಬೇರೆಯಾಗುತ್ತದೆ. ಆದರೂ ನಿಮ್ಮ ವಯಸ್ಸಿನಲ್ಲಿ ಇಂಥ ಮಂಕು ಅಪರೂಪವಲ್ಲ.

ಜರ್ಮನಿಯ ಸಮೀಕ್ಷೆಯೊಂದರಲ್ಲಿ ಜನರಿಗೆ ಐದು ವರ್ಷಗಳ ನಂತರ ಎಷ್ಟು ತೃಪ್ತಿ ಇರಬಹುದೆಂದು ಕೇಳಲಾಗಿತ್ತು. ಅದನ್ನು ಅರ್ಥಶಾಸ್ತ್ರಜ್ಞ ಹಾನೆಸ್ ಶ್ವಾಂಟ್ ಅಧ್ಯಯನ ಮಾಡಿದಾಗ, ಚಿಕ್ಕ ವಯಸ್ಸಿನವರು ಆಮೇಲೆ ಸಿಕ್ಕಿದ್ದಕ್ಕಿಂತ ಹೆಚ್ಚು ನಿರೀಕ್ಷಿಸಿದ್ದು ಕಂಡುಬಂತು. ವಯಸ್ಸಾದವರು ಕಡಿಮೆ ನಿರೀಕ್ಷಿಸಿ ಹೆಚ್ಚು ಪಡೆದಿದ್ದರು. ನಿಮ್ಮ ನೋವೂ ಇಲ್ಲೇ ಇರಬಹುದು. 25ರ ಹುಡುಗ ಬರೆದಿಟ್ಟ ಪಟ್ಟಿ ಹಿಡಿದು ನೀವು ಇಂದಿನ ಬದುಕಿಗೆ ಅಂಕ ಕೊಡುತ್ತಿದ್ದೀರಿ. ನಿಮ್ಮ ತಂದೆಯವರು ಆ ಪಟ್ಟಿಯನ್ನು ಎಂದೋ ಕೈಬಿಟ್ಟಿರಬಹುದು.

ಕೆಲವು ಹೆಜ್ಜೆಗಳನ್ನು ನಿಧಾನವಾಗಿ ಇಡಿ.

ಮೊದಲು ವೈದ್ಯರನ್ನು ಕಾಣಿರಿ. ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ, ಬಿ12 ಕೊರತೆ, ನಿದ್ರೆಯ ಸಮಸ್ಯೆಗಳೂ ಉತ್ಸಾಹ ಕುಗ್ಗಿಸುತ್ತವೆ.

ಒಂದು ಸಂಜೆ ಹೆಂಡತಿಯ ಬಳಿ ಮನಸ್ಸು ಬಿಚ್ಚಿ. ‘ಪರಿಹಾರ ಬೇಡ, ಸುಮ್ಮನೆ ಕೇಳಿಸಿಕೋ’ ಎಂದು ಮೊದಲೇ ಹೇಳಿಬಿಡಿ.

ಕೆಎಎಸ್‌ನಲ್ಲಿ ನಿಮ್ಮನ್ನು ಸೆಳೆದದ್ದೇನು? ಜನರ ಕೆಲಸ ಮಾಡಿಕೊಡುವ ಆಸೆಯಾಗಿದ್ದರೆ ಅದಕ್ಕೆ ನಿಮ್ಮ ಮೇಜಿನ ಮುಂದೆಯೇ ಅವಕಾಶವಿದೆ. ಓದಿನ ಸೆಳೆತವಾಗಿದ್ದರೆ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ಊರಿನ ಹುಡುಗರಿಗೆ ಭಾನುವಾರ ಒಂದು ಗಂಟೆ ಕೊಡಬಹುದು.

ಕೆಲಸ ಬಿಡುವುದು, ಹೊಸ ಸಾಲ ಮಾಡುವುದು ಮುಂತಾದ ದೊಡ್ಡ ತೀರ್ಮಾನಗಳನ್ನು ಸದ್ಯಕ್ಕೆ ಮುಂದೂಡಿ.

ಅಪ್ಪನ ಬಳಿ ಕುಳಿತು, ‘ನನ್ನ ವಯಸ್ಸಿನಲ್ಲಿ ನೀವು ಹೇಗಿದ್ದಿರಿ?’ ಎಂದು ಕೇಳಿ ನೋಡಿ. ಉತ್ತರ ನಿಮ್ಮ ಊಹೆಗಿಂತ ಬೇರೆ ಇರಬಹುದು.

ಆದರೆ, 50 ದಾಟಿದರೆ ತಾನಾಗಿ ಸರಿಹೋಗುತ್ತದೆಂದು ಕಾಯುತ್ತ ಕೂರಬೇಡಿ. ಎರಡು ವಾರಕ್ಕೂ ಮೀರಿ ದಿನವೂ ಮನಸ್ಸು ಕುಗ್ಗಿದ್ದರೆ, ನಿದ್ರೆ, ಊಟ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿರಿ, ಇಲ್ಲವೇ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ. ಉಚಿತವಾದ ಈ ಸಹಾಯವಾಣಿ ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಯೋಚನೆ ಸುಳಿದರೆ ಒಂದು ದಿನವೂ ತಡಮಾಡದೆ ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಹೋಗಿ.