ಹಳೆಯ ಕಾರು ಕೊಳ್ಳುವಾಗ ಹಣ ಕೊಡುವ ಕ್ರಮ



ಜಾತ್ರೆಯಲ್ಲಿ ಎತ್ತು ಕೊಳ್ಳುವ ವಿದ್ಯೆಯನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ದಳ್ಳಾಳಿಯು ಟವಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳಿದರೆ ಅದೂ ನಿಮಗೆ ತಿಳಿಯುತ್ತದೆ. ಹಣ ಎಣಿಸಿಕೊಟ್ಟು ಹಗ್ಗ ಕೈಗೆ ತೆಗೆದುಕೊಂಡರೆ ಎತ್ತು ನಿಮ್ಮದಾಯಿತು. ಮೋಟಾರು ಗಾಡಿಯ ವ್ಯಾಪಾರ ಹೀಗಲ್ಲ. ಹಣ ಕೊಟ್ಟು ಕೀ ತೆಗೆದುಕೊಂಡ ಮೇಲೂ, ಆರ್.ಟಿ.ಓ. ಕಚೇರಿಯ ದಾಖಲೆಯಲ್ಲಿ ಹೆಸರು ತಿರುಗುವ ತನಕ ಅದು ಮತ್ತೊಬ್ಬರ ಹೆಸರಿನಲ್ಲಿಯೇ ಇರುತ್ತದೆ. ಅದರ ಮೇಲೆ ತೀರದ ಸಾಲವಿದ್ದರೆ, ಸಾಲ ಕೊಟ್ಟವರು ನಿಮ್ಮ ಅಂಗಳದಿಂದಲೇ ಗಾಡಿಯನ್ನು ವಶಕ್ಕೆ ಕೇಳಬಹುದು.

ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯಲೋ, ತರಕಾರಿ ಬುಟ್ಟಿಗಳನ್ನು ಹೊತ್ತಿಗೆ ಮುಂಚೆ ಮಾರುಕಟ್ಟೆಗೆ ಸೇರಿಸಲೋ ಹಳ್ಳಿಯಲ್ಲಿ ಒಂದು ಕಾರು ಇದ್ದರೆ ಅನುಕೂಲ. ಹೊಸದಕ್ಕೆ ಕೈ ಎಟುಕದವರು ಪಟ್ಟಣದ ಡೀಲರನ ಬಳಿ ಹಳೆಯದನ್ನು ನೋಡುತ್ತಾರೆ. ಗಾಡಿಯ ಎಂಜಿನ್ನು, ಟಯರುಗಳನ್ನು ಪರೀಕ್ಷಿಸಲು ಪರಿಚಯದ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಹಣ ಕೊಡುವ ವಿಷಯದಲ್ಲಿ ಮಾತ್ರ ಯಾರನ್ನೂ ಕೇಳುವುದಿಲ್ಲ. ಆದುದರಿಂದ ಈ ಸಲದ ಪಾಠ ಅದನ್ನು ಕುರಿತದ್ದು.

ನಾನೂ ಒಮ್ಮೆ ಕೈ ಸುಟ್ಟುಕೊಂಡವನೇ. ಒಬ್ಬ ಡೀಲರನಿಂದ ಹಳೆಯ ಮೋಟಾರು ಸೈಕಲ್ಲು ಕೊಂಡೆ. ಪೂರ್ತಿ ಹಣವನ್ನು ನಗದಾಗಿ ಕೊಟ್ಟೆ. ರಸೀತಿ ಕೇಳಿದ್ದಕ್ಕೆ, “ನಂಬಿಕೆ ಇಲ್ಲವೇ ಸಾರ್?” ಎಂದು ನಕ್ಕು, ಹಳೆಯ ಮಾಲಿಕರು ಸಹಿ ಹಾಕಿದ ಖಾಲಿ ಫಾರಂಗಳನ್ನು ಕೈಗಿತ್ತ. ಹೆಸರು ಬದಲಾಯಿಸಲು ಹೋದಾಗ ಎಚ್.ಪಿ. ರದ್ದಾಗಿಲ್ಲವೆಂದು ಗೊತ್ತಾಯಿತು. ಡೀಲರನು “ಮುಂದಿನ ವಾರ” ಎನ್ನುತ್ತ ಹೋದ. ಎಂಟು ತಿಂಗಳು ಅಲೆದೆ. ಅವನ ಕೈಗೆ ಪೂರ್ತಿ ಹಣ ಸೇರಿಹೋಗಿದ್ದುದರಿಂದ ಅವನಿಗೆ ಅವಸರವೇನಿತ್ತು?

ಮೊದಲು ಹಣ ಯಾರಿಗೆ ಸಲ್ಲಬೇಕೆಂಬುದನ್ನು ನೋಡೋಣ. ಹಳೆಯ ಗಾಡಿಗಳ ಡೀಲರು ಆರ್.ಟಿ.ಓ.ದಿಂದ ಅಧಿಕಾರ ಪತ್ರ ಪಡೆಯಬೇಕೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ನಿಯಮ ಮಾಡಿತು; ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈ ಪತ್ರದ ಅವಧಿ 5 ವರ್ಷ. ಮಾಲಿಕರು ಇಂಥ ಡೀಲರಿಗೆ ಗಾಡಿ ಒಪ್ಪಿಸುವಾಗ 29-ಸಿ ಫಾರಂನಲ್ಲಿ ಆರ್.ಟಿ.ಓ.ಗೆ ತಿಳಿಸಬೇಕು. ಆ ಬಳಿಕ ಗಾಡಿ ಮಾರಾಟವಾಗುವ ತನಕ ಡೀಲರೇ ಮಾಲಿಕರೆಂದು ಕಾನೂನು ಎಣಿಸುತ್ತದೆ. ಆದುದರಿಂದ ಅಂಗಡಿಗೆ ಹೋದೊಡನೆ ಈ ಎರಡು ಕಾಗದಗಳನ್ನು ಕೇಳಿರಿ. ಎರಡೂ ಇದ್ದರೆ, ಅಧಿಕಾರ ಪತ್ರದಲ್ಲಿ ಯಾವ ಹೆಸರಿದೆಯೋ ಆ ಹೆಸರಿನ ಬ್ಯಾಂಕು ಖಾತೆಗೆ ಹಣ ಹಾಕಬಹುದು. ಇಲ್ಲದಿದ್ದರೆ ಅವನು ಬರೀ ದಳ್ಳಾಳಿ. ಆಗ ಆರ್.ಸಿ.ಯಲ್ಲಿ ಹೆಸರಿರುವ ಮಾಲಿಕರನ್ನು ಕಣ್ಣಾರೆ ಕಂಡು ಅವರ ಖಾತೆಗೇ ಹಣ ಕೊಡತಕ್ಕದ್ದು. ದಳ್ಳಾಳಿಯ ಕೂಲಿ ಬೇರೆ. ಅಂಗಡಿಯ ಹುಡುಗನ ಫೋನಿಗೋ, ಅವನ ಭಾವಮೈದುನನ ಖಾತೆಗೋ ಹಾಕಿರೆಂದರೆ ಒಪ್ಪಕೂಡದು.

ಅಂಗಡಿಯನ್ನೇ ನೋಡದೆ, ಫೋನಿನಲ್ಲಿ ಬಂದ ಚಿತ್ರ ನೋಡಿ ಮುಂಗಡ ಕಳುಹಿಸುವುದು ಬೇಡವೇ ಬೇಡ. ಬಹಳ ಅಗ್ಗದ ದರ ಹೇಳಿ, ಗಾಡಿ ಸಾಗಿಸುವ ಖರ್ಚೆಂದು ಮೊದಲೇ ಹಣ ಕೇಳುವುದು ಮೋಸಗಾರರ ಹಳೆಯ ಪಾಠ. ಹಾಗೆ ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿ ದೂರು ಕೊಡಿರಿ.

ಇನ್ನು ಸಾಲದ ಮಾತು. ಆರ್.ಸಿ.ಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸ್ ಕಂಪನಿಯ ಹೆಸರಿದ್ದರೆ ಗಾಡಿ ಅವರಿಗೆ ಅಡವಾಗಿದೆಯೆಂದು ಅರ್ಥ. ಇದನ್ನೇ ಎಚ್.ಪಿ. ಎನ್ನುತ್ತಾರೆ. ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿಯೂ ಗಾಡಿಯ ಸಂಖ್ಯೆ ಹಾಕಿ ವಿವರ ನೋಡಬಹುದು. ಮನೆಯ ಮಕ್ಕಳು ನೋಡಿಕೊಡುತ್ತಾರೆ. ಬಾಕಿ ಇರುವ ದಂಡದ ಚಲನ್‌ಗಳನ್ನೂ ಅದೇ ಹೊತ್ತಿಗೆ ನೋಡಿಸಿರಿ. ಸಾಲ ಬಾಕಿ ಇದ್ದರೆ ಆ ಭಾಗದ ಹಣವನ್ನು ಡೀಲರನ ಕೈಗೆ ಕೊಡದೆ ನೇರವಾಗಿ ಸಾಲದ ಖಾತೆಗೇ ಕಟ್ಟಬೇಕು. ತೀರುವಳಿಯಾದ ಪತ್ರವನ್ನು ಬ್ಯಾಂಕು ಸಾಲಗಾರನಿಗೇ ಕೊಡುವುದರಿಂದ ಹಳೆಯ ಮಾಲಿಕರೂ ಜೊತೆಯಲ್ಲಿ ಬರಲಿ. ಆ ಪತ್ರದ ಸಂಗಡ 35ನೆಯ ಫಾರಂಗೆ ಬ್ಯಾಂಕಿನ ಸಹಿ ಮೊಹರು ಬೇಕು.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಕಾರಿನ ದರ 3,40,000 ರೂಪಾಯಿಗೆ ಕುದುರಿತೆನ್ನಿ. ಅದರ ಮೇಲೆ 1,10,000 ರೂಪಾಯಿ ಸಾಲ ಉಂಟು. ಮುಂಗಡ 5,000, ಅದಕ್ಕೂ ರಸೀತಿ. ಸಾಲದ ಖಾತೆಗೆ 1,10,000. ಕಾಗದಗಳೆಲ್ಲ ಕೈಗೆ ಬಂದು ಗಾಡಿ ಹೊರಡುವ ದಿನ 2,05,000. ಉಳಿದ 20,000 ರೂಪಾಯಿಯನ್ನು ಹೊಸ ಆರ್.ಸಿ. ನಿಮ್ಮ ಹೆಸರಿಗೆ ಬರುವ ತನಕ ಹಿಡಿದಿಟ್ಟುಕೊಳ್ಳುವುದು. ಹೀಗೆ ಹಿಡಿಯುವುದನ್ನು ದರ ಕುದುರುವಾಗಲೇ ಮಾತಾಡಿ ಬರೆಸಬೇಕು. ಕಡೆಯಲ್ಲಿ ಹೇಳಿದರೆ ಜಗಳವಾಗುತ್ತದೆ. ಒಪ್ಪದ ಡೀಲರೂ ಉಂಟು. ಒಪ್ಪುವವರು ಸಿಗುವ ತನಕ ಇನ್ನೆರಡು ಅಂಗಡಿ ಸುತ್ತಿದರೆ ನಷ್ಟವೇನು?

“ಇಷ್ಟೆಲ್ಲ ಅನುಮಾನಪಟ್ಟರೆ ವ್ಯಾಪಾರ ಕುದುರೀತೇ ಸ್ವಾಮಿ?” ಎಂದು ನಮ್ಮ ಸಭೆಯಲ್ಲಿ ಒಬ್ಬ ಹಿರಿಯರು ಕೇಳಿದರು. ಜಮೀನು ಕೊಳ್ಳುವಾಗ ಪಹಣಿ ನೋಡದೆ ಹಣ ಕೊಡುತ್ತೀರಾ ಎಂದು ಅವರನ್ನೇ ಕೇಳಿದೆ. ಅವರು ನಕ್ಕು ಸುಮ್ಮನಾದರು.

ನಗದು ಬೇಡ. 2017ರ ಏಪ್ರಿಲ್ 1ರಿಂದ ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ನಾಲ್ಕು ಕಂತು ಮಾಡಿ ಕೊಟ್ಟರೂ ವ್ಯವಹಾರ ಒಂದೇ. ದಂಡ ಬೀಳುವುದು ಪಡೆದವನಿಗೆ. ಆದರೆ ಕೊಟ್ಟದ್ದಕ್ಕೆ ಸಾಕ್ಷಿಯಿಲ್ಲದೆ ಕೊರಗುವವರು ನೀವು. ಡಿಮಾಂಡ್ ಡ್ರಾಫ್ಟ್ ಒಳ್ಳೆಯದು. ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಕಾಗದಗಳು ಸರಿಯಾಗಿದ್ದರೆ ಮಾತ್ರ ಕೊಡಬಹುದು. ವ್ಯಾಪಾರ ಮುರಿದರೆ ಬ್ಯಾಂಕಿಗೆ ಹಿಂದಿರುಗಿಸಿ, ಅಲ್ಪ ಶುಲ್ಕ ಕಳೆದು ಹಣ ವಾಪಸು ಪಡೆಯಬಹುದು. 2018ರ ಸೆಪ್ಟೆಂಬರಿನಿಂದ ಕೊಂಡವರ ಹೆಸರನ್ನೂ ಡ್ರಾಫ್ಟಿನ ಮೇಲೆ ಮುದ್ರಿಸುವುದರಿಂದ ಯಾರು ಕೊಟ್ಟರೆಂಬ ತಕರಾರಿಲ್ಲ. ಅದರ ಆಯುಸ್ಸು 3 ತಿಂಗಳು.

ಖಾತೆಯಿಂದ ಖಾತೆಗೆ ಕಳುಹಿಸುವುದಾದರೆ ನೆಫ್ಟ್ ಉಂಟು. 2 ಲಕ್ಷಕ್ಕೆ ಕಡಮೆಯಿಲ್ಲದ ಮೊತ್ತಕ್ಕೆ ಆರ್.ಟಿ.ಜಿ.ಎಸ್. ಕೂಡ ಉಂಟು. ಹಣ ಹೋಗುವುದು ಖಾತೆಯ ಸಂಖ್ಯೆಯನ್ನು ಹಿಡಿದು, ಹೆಸರನ್ನು ಹಿಡಿದಲ್ಲ. ಒಂದು ಅಂಕಿ ತಪ್ಪಿದರೆ ಮತ್ತಾರದೋ ಪಾಲಾದೀತು. ಖಾತೆದಾರರ ಹೆಸರನ್ನು ಮೊದಲೇ ತೋರಿಸುವ ಏರ್ಪಾಡನ್ನು 2025ರ ಏಪ್ರಿಲ್ 1ರೊಳಗೆ ಮಾಡಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಅಪ್ಪಣೆ ಮಾಡಿತ್ತು. ಅದನ್ನು ತೋರಿಸಿರೆಂದು ಕೇಳಿರಿ. ಇಲ್ಲವೇ ಮೊದಲು ಒಂದು ರೂಪಾಯಿ ಕಳುಹಿಸಿ, ಮುಟ್ಟಿತೆಂದು ಅವರ ಬಾಯಿಂದ ಕೇಳಿ, ಆಮೇಲೆ ಉಳಿದದ್ದನ್ನು ಕಳುಹಿಸಿರಿ.

ರಸೀತಿಯಲ್ಲಿ ಹೀಗೆ ಬರೆಸಬಹುದು: “ಇಂಥ ಸಂಖ್ಯೆಯ, ಇಂಥ ಎಂಜಿನ್ ಮತ್ತು ಚಾಸಿ ನಂಬರಿನ ಕಾರಿನ ಒಟ್ಟು ಬೆಲೆಯಲ್ಲಿ ಇಷ್ಟು ಹಣವು ಈ ದಿನ ಇಂಥ ಖಾತೆಗೆ ಬಂದಿದೆ. ಇಷ್ಟು ಬಾಕಿ ಇದೆ. ಸಾಲ ಅಥವಾ ದಂಡ ಹೊರಬಿದ್ದರೆ ನಾವೇ ತೀರಿಸುತ್ತೇವೆ. ಇಷ್ಟು ದಿನದೊಳಗೆ ಹೆಸರು ಬದಲಾಗದಿದ್ದರೆ ಗಾಡಿ ವಾಪಸು ಪಡೆದು ಪೂರ್ತಿ ಹಣ ಹಿಂದಿರುಗಿಸುತ್ತೇವೆ.” ಅಂಗಡಿಯ ಮೊಹರು, ಸಹಿ, ತಾರೀಖು ಇರಲಿ. ಬಿಳಿ ಚೀಟಿಯಲ್ಲಿ “ಅಡ್ವಾನ್ಸ್ ಬಂತು” ಎಂದಷ್ಟೇ ಗೀಚಿಕೊಟ್ಟರೆ ಸಾಲದು.

ಗಾಡಿ ಮನೆಗೆ ಬಂದ ಮೇಲೆ ಸುಮ್ಮನೆ ಕೂರಬೇಡಿ. 29 ಮತ್ತು 30ನೆಯ ಫಾರಂಗಳನ್ನು ಪೂರ್ತಿ ತುಂಬಿ, ಕೊಂಡವರು 30 ದಿನಗಳೊಳಗೆ ಆರ್.ಟಿ.ಓ.ಗೆ ಸಲ್ಲಿಸಬೇಕು. ಹೊರರಾಜ್ಯದ ಗಾಡಿಯಾದರೆ ಅಲ್ಲಿಯ ಎನ್.ಓ.ಸಿ. ಬೇಕು, ಇಲ್ಲಿಯ ತೆರಿಗೆಯನ್ನೂ ದರದ ಲೆಕ್ಕಕ್ಕೆ ಸೇರಿಸಿಕೊಳ್ಳಿರಿ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಗಾಡಿ ಕೊಂಡ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಹಾಕಿರಿ. ತಪ್ಪಿದರೆ, ಅಪಘಾತದಲ್ಲಿ ಕಾರು ಜಖಂ ಆದಾಗ ಪರಿಹಾರ ಕೊಡಲು ಅವರು ನಿರಾಕರಿಸಬಹುದು. ಹೊಸ ಆರ್.ಸಿ. ಬಂದ ದಿನ ಹೆಸರು, ಎಂಜಿನ್ ನಂಬರು, ಎಚ್.ಪಿ. ಕಾಲಂ ಮೂರನ್ನೂ ಓದಿಸಿ ನೋಡಿರಿ. ಸರಿಯಾಗಿದ್ದರೆ ಹಿಡಿದಿಟ್ಟ 20,000 ರೂಪಾಯಿಯನ್ನು ಅದೇ ಖಾತೆಗೆ ಕಳುಹಿಸಿ, ಅದಕ್ಕೂ ಒಂದು ರಸೀತಿ ಪಡೆದು, ಹಳೆಯ ರಸೀತಿಗಳ ಜೊತೆ ಪಹಣಿ ಇಡುವ ಪೆಟ್ಟಿಗೆಯಲ್ಲಿಡಿರಿ.